ಆರನೆಯ ಪೀಪಾಯಿ

೧೯೭೧, ಫೆಬ್ರವರಿ ೧೭, ಬುಧವಾರ. ಆ ದಿನ ನಾನು ಗುರುಗಳನ್ನು ಕೇಳಿದ ಪ್ರಶ್ನೆ ನನ್ನ ದಿನಚರಿಯಲ್ಲಿ ಹೀಗಿದೆ: “ಕೆಡುತ್ತಿರುವುದೂ ಮಾಗುತ್ತಿರುವುದೂ ನೋಡಲು ಒಂದೇ ರೀತಿ ಇರುತ್ತವೆ. ಯಾವುದು ಯಾವುದೆಂದು ಮೊದಲೇ ತಿಳಿಯುವುದು ಹೇಗೆ?”

ನನ್ನ ಎರಡನೆಯ ಮಗಳು ಎಂಟು ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ಅದನ್ನು ಗುರುಗಳಿಗೆ ಹೇಳಿದ್ದೆ. ದಿನಕ್ಕೆ ಎರಡು ಸಲ ಅವಳ ಕೋಣೆಯ ಬಾಗಿಲು ತಟ್ಟಿ ವಿಚಾರಿಸುತ್ತೇನೆ ಎಂಬುದನ್ನೂ ಹೇಳಿದ್ದೆ.

ಗುರುಗಳು ನಕ್ಕು, “ಹೇಳಬೇಕಾದದ್ದು ಮದ್ಯದ ಕತೆ. ಮಠದಲ್ಲಿ ಕೇಳಿದೆ ಎಂದು ಯಾರಿಗೂ ಹೇಳಬೇಡ, ತಾಯಿ” ಎಂದರು. ಹೇಳಲಿಲ್ಲ. ಬರೆದಿಟ್ಟೆ.

ಚಳಿನಾಡಿನ ಒಂದು ಊರು. ಅಲ್ಲಿ ಜವೆಗೋದಿಯನ್ನು ಮೊಳಕೆ ಬರಿಸಿ, ಕುದಿಸಿ ಮದ್ಯ ಮಾಡುತ್ತಿದ್ದರು. ಕುದಿಸುವ ಒಲೆಮನೆ ಇಡೀ ಊರಿನ ಸ್ವತ್ತು. ಅದನ್ನು ಒಂದು ಮನೆತನಕ್ಕೆ ವಹಿಸಿಕೊಡುತ್ತಿದ್ದರು. ಕುದಿಸಿದ ರಸವನ್ನು ಆರು ಮರದ ಪೀಪಾಯಿಗಳಿಗೆ ತುಂಬಿ ಮೂರು ವರ್ಷ ಇಡಬೇಕು. ಮೂರನೆಯ ಸುಗ್ಗಿ ಮುಗಿದ ಮೇಲೆ ಊರಿನ ಐವರು ಹಿರಿಯರು ಬಂದು ರುಚಿ ನೋಡುತ್ತಾರೆ. ಮೂರು ಪೀಪಾಯಿಯಾದರೂ ಚೆನ್ನಾಗಿದ್ದರೆ ಒಲೆಮನೆ ಅವರಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಬೇರೆಯವರ ಪಾಲು.

ಮೊದಲ ವಾರದ ಹುದುಗು ಮನುಷ್ಯರು ಹಾಕುವಂಥದು. ಅದು ಬುರುಗೆಬ್ಬಿಸಿ ಬೇಗ ತಣ್ಣಗಾಗುತ್ತದೆ. ಆಮೇಲೆ ಬರುವುದು ಕಾಡು ಹುದುಗು. ಅದನ್ನು ಯಾರೂ ಹಾಕುವುದಿಲ್ಲ. ಪೀಪಾಯಿಯ ಹಲಗೆಗಳ ಸಂದಿನಲ್ಲಿ ತಲೆಮಾರುಗಳಿಂದ ಅದು ವಾಸವಾಗಿರುತ್ತದೆ. ನಿಧಾನವಾಗಿ ಏಳುತ್ತದೆ, ನಿಧಾನವಾಗಿ ತಿನ್ನುತ್ತದೆ.

ಆ ವರ್ಷ ಒಲೆಮನೆ ಒಬ್ಬ ಮದ್ಯಗಾರನ ಕೈಗೆ ಹೊಸದಾಗಿ ಬಂದಿತ್ತು. ಅವನು ಶ್ರದ್ಧೆಯ ಮನುಷ್ಯ. ಎಂಟನೆಯ ತಿಂಗಳಲ್ಲಿ ಮೊದಲ ಪೀಪಾಯಿಯ ಮುಚ್ಚಳ ತೆಗೆದು ನೋಡಿದ. ಮದ್ಯದ ಮೇಲೆ ಬಿಳಿಯ ಪೊರೆ ಕಟ್ಟಿತ್ತು. ಬೆವರಿದ ಕುದುರೆಯ ಜೀನಿನ ವಾಸನೆ ಬಂತು. ಕೂಡಲೇ ಸೌಟು ತಂದು ಪೊರೆಯನ್ನು ತೆಗೆದ. ಎರಡನೆಯದನ್ನು ತೆರೆದ. ಅದರಲ್ಲೂ ಹಾಗೇ. ಐದು ಪೀಪಾಯಿಗಳನ್ನು ಶುಚಿ ಮಾಡಿ ಆರನೆಯದರ ಹತ್ತಿರ ಬಂದಾಗ, ಅದರ ಮುಚ್ಚಳದ ಮೇಲೆ ಹೆಂಡತಿಯ ತವರಿನ ಟ್ರಂಕು ಕೂತಿತ್ತು. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು.

“ಇದನ್ನು ಇಳಿಸು” ಎಂದ.

“ಇಳಿಸುವುದಿಲ್ಲ. ಮೂರು ವರ್ಷ ಮುಟ್ಟಬಾರದು ಎಂದು ನಿಮ್ಮ ಅಮ್ಮನೇ ಹೇಳಿದ್ದರಲ್ಲ?”

“ಅಮ್ಮ ಹೇಳಿದ್ದು ಒಳ್ಳೆಯ ಮದ್ಯಕ್ಕೆ. ಇದು ಕೊಳೆಯುತ್ತಿದೆ. ಮೂಗಿಲ್ಲವೇ ನಿನಗೆ?”

“ಇದೆ. ಆದರೆ ನಿಮ್ಮ ಹಾಗೆ, ಮಗು ಉಸಿರಾಡುತ್ತಿದೆಯೋ ಇಲ್ಲವೋ ನೋಡೋಣ ಎಂದು ಗಳಿಗೆಗೊಮ್ಮೆ ಅದನ್ನು ಎಬ್ಬಿಸುವವಳಲ್ಲ ನಾನು.”

ಅವನಿಗೆ ಸಿಟ್ಟು ಬಂತು. “ಒಂದು ಪೀಪಾಯಿ ಹಾಳಾದರೆ ಹಾಳಾಗಲಿ. ಐದು ಸಾಕು ನನಗೆ” ಎಂದು ಹೊರಟುಹೋದ.

ಅಂದಿನಿಂದ ಅವನು ತಿಂಗಳಿಗೊಮ್ಮೆ ಐದನ್ನೂ ತೆರೆದು, ಪೊರೆ ತೆಗೆದು, ಅಂಚು ಒರೆಸಿ, ಒಂದೊಂದು ಗುಟುಕು ರುಚಿ ನೋಡಿದ. ಜೀನಿನ ವಾಸನೆ ಕಡಿಮೆಯಾಯಿತು. ಬಂದವರಿಗೆ ತೋರಿಸಿದ. ಎಲ್ಲರೂ ಶುಚಿಯನ್ನು ಮೆಚ್ಚಿದರು.

ಆರನೆಯದರ ವಾಸನೆ ಮಾತ್ರ ಹೆಚ್ಚುತ್ತ ಹೋಯಿತು. ಎರಡನೆಯ ವರ್ಷದ ಬೇಸಿಗೆಯಲ್ಲಿ ಅದು ಹಲಗೆಯ ಸಂದಿನಿಂದಲೇ ಹೊರಗೆ ಬರತೊಡಗಿತು. ಬಂದವರು ಮೂಗು ಮುಚ್ಚಿಕೊಂಡು, “ನಿಮ್ಮವಳು ಇದರೊಳಗೆ ಯಾರನ್ನು ಹೂತಿಟ್ಟಿದ್ದಾಳೆ?” ಎಂದು ಕೇಳಿದರು. ಗಂಡನೂ ನಕ್ಕ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಟ್ರಂಕನ್ನು ಕೆಳಗಿಳಿಸಿದಳು. ಮುಚ್ಚಳದ ಅಂಚಿಗೆ ಬೆರಳು ಹಾಕಿದಳು. ಒಂದು ಕ್ಷಣದ ಕೆಲಸ. ಒಳಗಿರುವುದು ಕೊಳೆತಿದ್ದರೆ ಇನ್ನೂ ಒಂದು ವರ್ಷ ಊರವರ ನಗೆ ಕೇಳುವುದು ತಪ್ಪುತ್ತಿತ್ತು. ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಬೆರಳು ತೆಗೆದು, ಟ್ರಂಕನ್ನು ಎತ್ತಿ ಮೊದಲಿನ ಜಾಗದಲ್ಲಿಟ್ಟಳು.

ಮೂರನೆಯ ಸುಗ್ಗಿ ಮುಗಿಯಿತು. ಹಿರಿಯರು ಬಂದರು. ಮೊದಲ ಪೀಪಾಯಿಯ ಮದ್ಯವನ್ನು ಬಾಯಿಗಿಟ್ಟವರು ಅಲ್ಲೇ ಉಗಿದರು. ಎರಡನೆಯದನ್ನೂ ಉಗಿದರು. ಐದೂ ಬರೀ ಹುಳಿನೀರಾಗಿದ್ದವು. ಉಪ್ಪಿನಕಾಯಿಗೆ ಹಾಕಬಹುದಿತ್ತು, ಕುಡಿಯುವ ಹಾಗಿರಲಿಲ್ಲ. ಎಲ್ಲರಿಗಿಂತ ಹಿರಿಯನಾದವನು ಹೇಳಿದ: “ಆ ಬಿಳಿಯ ಪೊರೆ ರೋಗವಲ್ಲಪ್ಪ. ಗಾಳಿ ಒಳಗೆ ಹೋಗದಂತೆ ಮದ್ಯ ತಾನೇ ಹೊದ್ದುಕೊಂಡ ಕಂಬಳಿ. ಅದನ್ನು ನೀನು ತಿಂಗಳಿಗೊಮ್ಮೆ ಎಳೆದು ಹಾಕಿದ್ದೀಯೆ.”

ಕೊನೆಗೆ ಟ್ರಂಕನ್ನು ಇಳಿಸಿದರು. ಗಂಡನೇ ಮುಚ್ಚಳ ತೆಗೆದ. ಪೊರೆ ತಾನಾಗಿ ಕಳಚಿ ತಳ ಸೇರಿತ್ತು. ಮದ್ಯ ತಿಳಿಯಾಗಿತ್ತು. ಹಿರಿಯ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. ಅದರಲ್ಲಿ ಒಣದ್ರಾಕ್ಷಿ ಇತ್ತು, ಹೇರಳೆಕಾಯಿಯ ಸಿಪ್ಪೆಯ ಒಗರು ಇತ್ತು, ಹಳೆಯ ಮರ ಇತ್ತು. ಆ ಜೀನಿನ ವಾಸನೆಯೂ ಇತ್ತು, ಆದರೆ ದೂರದಲ್ಲಿ ಕುದುರೆಯೊಂದು ಹಾದುಹೋದಷ್ಟು. ಅವನು ಇನ್ನೊಂದು ಬಟ್ಟಲು ಕೇಳಿ ಪಡೆದ. ಬಳಿಕ ಬಟ್ಟಲನ್ನು ಕೆಳಗಿಟ್ಟು, “ಇಂಥದನ್ನು ನಾನು ಕುಡಿದು ನಲವತ್ತು ವರ್ಷವಾಯಿತು. ಆದರೆ ಮೂರು ಇರಬೇಕಿತ್ತು” ಎಂದ.

ಒಲೆಮನೆ ಬೇರೆಯವರ ಪಾಲಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನನಗೆ ಸಮಾಧಾನವಾಗಲಿಲ್ಲ. ನಾನು ವಿಜ್ಞಾನ ಓದಿದವಳು. ಕಾರಣವಿಲ್ಲದ ನಿರ್ಧಾರವನ್ನು ಒಪ್ಪುವುದು ನನಗೆ ಕಷ್ಟ.

“ಅದು ಕೆಟ್ಟಿಲ್ಲವೆಂದು ಆ ಹೆಂಗಸಿಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದೆ.

“ಗೊತ್ತಿರಲಿಲ್ಲ, ತಾಯಿ; ಗೊತ್ತಿಲ್ಲದೆ ಕಾಯುವುದು, ಅವಳು ಮೂರು ವರ್ಷ ತೆತ್ತ ಬೆಲೆ ಅದೇ.”

ಆ ಸಂಜೆ ಮಗಳ ಕೋಣೆಯ ಬಾಗಿಲಿನವರೆಗೆ ಹೋಗಿ, ತಟ್ಟದೆ ಹಿಂದಿರುಗಿದೆ.