ಸುಣ್ಣಕ್ಕೂ ವಾರಂಟಿ

ಎದುರುಮನೆಯ ಪಂಕಜಾಕ್ಷಿ ಮನೆಯ ಸಾಮಾನಿಗೆಲ್ಲ ಒಟ್ಟಾಗಿ ವಾರಂಟಿ ಕೊಂಡು, ಅದರ ಕಾರ್ಡಿಗೆ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದಳು. ಅದನ್ನು ನೋಡಿದಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ನಾನು ಬಿ.ಎ. ಓದಿದವಳು, ಪ್ರತಿಯೊಂದು ರಿಪೇರಿಯನ್ನೂ ತಾರೀಖಿನ ಸಮೇತ ಬರೆದಿಡುವವಳು. ಹತ್ತು ವರ್ಷದಲ್ಲಿ ನಮ್ಮ ಗೀಸರ್ ಕೆಟ್ಟದ್ದು ಒಂದೇ ಸಲ ಎಂದು ನನ್ನ ಪುಸ್ತಕವೇ ಹೇಳುತ್ತಿತ್ತು. ಆದರೂ ವಾರಂಟಿ ಕಂಪನಿಯವನನ್ನು ಕರೆಸಿದೆ.

ಅವನು ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಎದುರುಮನೆಯವರು ಯೋಚನೆ ಮಾಡಲೇ ಇಲ್ಲ, ಮೇಡಂ. ಎಲ್ಲರಿಗೂ ಆ ಧೈರ್ಯ ಬರಲ್ಲ" ಎಂದ. ನಾನು ಸಹಿ ಹಾಕಲು ಪೆನ್ನು ತೆಗೆದೆ.

ಎರಡೂ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಸೆರಗಿಗೆ ಕೈ ಒರೆಸುತ್ತ ಹೊರಬಂದಳು. "ಸಾರ್, ಬೋರ್ ನೀರಿನ ಸುಣ್ಣ ಕಟ್ಟಿ ಗೀಸರ್ ಕೆಟ್ರೆ ರಿಪೇರಿ ಮಾಡ್ತೀರಾ?"

"ಮಾಡ್ತೀವಿ."

"ಜೋರಾಗಿ ಹೇಳಿ. ಅಮ್ಮಾವ್ರಿಗೆ ಕಿವಿ ಮಂದ."

ನನ್ನ ಕಿವಿಗೇನಾಗಿದೆ ಎಂದು ಬೈಯುವಷ್ಟರಲ್ಲಿ ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ: "ಸುಣ್ಣ ಕಟ್ಟಿದ್ರೂ ಬಿಟ್ಟಿ ರಿಪೇರಿ!"

ಎದುರುಮನೆಯ ಬಾಗಿಲು ದಡಾರನೆ ತೆರೆಯಿತು. "ಏನಯ್ಯಾ, ಸುಣ್ಣಕ್ಕೆ ವಾರಂಟಿ ಇಲ್ಲ ಅಂತ ನಂಗೆ ಹೇಳಿದ್ದು ನೀನೇ ಅಲ್ವಾ? ನಾಲ್ಕು ದಿನದಿಂದ ಒಲೆ ಮೇಲೆ ಸ್ನಾನಕ್ಕೆ ನೀರು ಕಾಯಿಸ್ತಿದೀನಿ!"

ಅವನು ಫಾರಂ ಬಾಚಿಕೊಂಡು ಓಡಿದ.

"ನಿನಗೆ ಮೊದಲೇ ಗೊತ್ತಿತ್ತೇನೆ?" ಎಂದು ಪಾತ್ರೆಯವಳನ್ನು ಕೇಳಿದೆ.

"ಅವ್ರು ನೀರು ಕಾಯಿಸೋ ಪಾತ್ರೆ ತಿಕ್ಕೋಳು ನಾನೇ ಅಲ್ವಾ? ಆದ್ರೆ ಒಬ್ರ ಮನೆ ಸುದ್ದಿ ಇನ್ನೊಬ್ರಿಗೆ ಹೇಳೋಳಲ್ಲಮ್ಮ ನಾನು."

ಪಂಕಜಾಕ್ಷಿಗೆ ನಾನೇ ಎರಡು ಬಕೆಟ್ ಬಿಸಿನೀರು ಕಳಿಸಿದೆ. ಅಷ್ಟು ಪ್ರೀತಿಯಿಂದ ನಾನು ಯಾರಿಗೂ ಏನೂ ಕೊಟ್ಟವಳಲ್ಲ.