ನೇಕಾರನಿಗೆ ದೊರೆತ ಊರು

ದಂಡಿನ ದಾಳಿಗೆ ಮನೆಮಾರು ಕಳೆದುಕೊಂಡು ಗುರುಗಳ ಆಶ್ರಯಕ್ಕೆ ಬಂದಿದ್ದ ಶಿಷ್ಯನೊಬ್ಬ ಒಂದು ದಿನ ಕೇಳಿದ: "ಊರು ಕಳೆದುಕೊಂಡವನಿಗೆ ಮತ್ತೆ ಊರು ದೊರೆಯುವುದು ಯಾವಾಗ?"

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಇಬ್ಬರು ಅರಸರ ಜಗಳದಲ್ಲಿ ಅವನ ಊರು ಸುಟ್ಟುಹೋಯಿತು. ಹೆಂಡತಿಯೊಡನೆ ಹನ್ನೊಂದು ದಿನ ನಡೆದು ಗಡಿಯಾಚೆಯ ಒಂದು ಹಳ್ಳಿ ಸೇರಿದ. ಹಳ್ಳಿಯವರು ದನದ ಕೊಟ್ಟಿಗೆಯಲ್ಲಿ ಜಾಗ ಕೊಟ್ಟರು.

ಮಗ್ಗ ಹೂಡಬೇಕಾದರೆ ಕಾಲಿಡಲು ನೆಲದಲ್ಲಿ ಗುಣಿ ತೋಡಬೇಕು. ನೇಕಾರ ತೋಡಲಿಲ್ಲ. "ಇಂದಲ್ಲ ನಾಳೆ ಹಿಂದಿರುಗುವವರು, ಪರರ ನೆಲ ಅಗೆಯುವುದೇಕೆ?" ಎನ್ನುತ್ತಿದ್ದ. ಕೂಲಿ ಮಾಡಿ ಬದುಕಿದ. ಕುದುರೆಯ ಸದ್ದು ಕೇಳಿದರೆ ಕೈಯ ತುತ್ತು ಬಿಟ್ಟು ಏಳುತ್ತಿದ್ದ. ಹೀಗೆ ನಾಲ್ಕು ವರ್ಷ. ಹೆಂಡತಿ ಆ ನೆಲದಲ್ಲೇ ಮಣ್ಣಾದಳು. ಆಮೇಲೆ ಅವನು ಗುಣಿ ತೋಡಿದ, ನೇಯತೊಡಗಿದ. ಅವನು ನೇಯ್ದ ಪಂಚೆಯನ್ನು ಹಳ್ಳಿಯೆಲ್ಲ ಉಟ್ಟಿತು. ಆದರೂ ಅವನನ್ನು ಕರೆಯುತ್ತಿದ್ದುದು 'ಓಡಿಬಂದವನು' ಎಂದೇ.

ಒಂದು ಬೇಸಿಗೆಯಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಅವನ ಸೀಮೆಯಿಂದಲೇ ಮೂವತ್ತು ಜನ ಬಂದು ಕೆರೆಯ ಏರಿಯ ಮೇಲೆ ಕುಳಿತರು. ಇಷ್ಟು ಬಾಯಿಗೆ ಕಾಳು ಸಾಲದೆಂದು ಹಳ್ಳಿಯವರು ಹೆದರಿದರು. ಗೌಡ ನೇಕಾರನನ್ನು ಕರೆಸಿ, "ನಿನ್ನ ಸೀಮೆಯವರು. ಮುಂದೆ ಹೋಗಲು ನೀನೇ ಹೇಳು" ಎಂದ. ಒಲ್ಲೆನೆಂದರೆ ತನ್ನನ್ನೂ ಅವರ ಜೊತೆ ಅಟ್ಟಿಯಾರೆಂದು ನೇಕಾರನಿಗೆ ಭಯವಾಯಿತು. ಹೋದ.

ಅವನು ಬಾಯಿ ತೆರೆದೊಡನೆ ಒಬ್ಬ ಮುದುಕಿ ಮಾತಿನ ಮೇಲೇ ಗುರುತಿಸಿದಳು. "ನಮ್ಮ ಕಡೆಯವನೇ ಸಿಕ್ಕಿದೆಯಲ್ಲಪ್ಪ, ಇನ್ನು ಹೆದರಿಕೆಯಿಲ್ಲ. ಯಾವ ಊರು ನಿನ್ನದು?"

ನೇಕಾರ ಬೆನ್ನ ಹಿಂದಿನ ಹಳ್ಳಿಯನ್ನು ತೋರಿಸಿದ. "ಇದೇ. ನಮ್ಮೂರಲ್ಲಿ ಜಾಗವಿಲ್ಲ, ತಾಯಿ."

ಮುದುಕಿ ಗಂಟನ್ನು ತಲೆಗೇರಿಸಿಕೊಂಡಳು. ಎಲ್ಲರೂ ಎದ್ದು ನಡೆದರು.

ಅಂದು ಗೌಡ ಅವನನ್ನು ಕಟ್ಟೆಯ ಮೇಲೆ ತನ್ನ ಪಕ್ಕ ಕೂರಿಸಿಕೊಂಡ. ಓಡಿಬಂದವನೆಂದು ಆಮೇಲೆ ಯಾರೂ ಕರೆಯಲಿಲ್ಲ. ಆದರೆ ನೇಕಾರನಿಗೆ ಮಗ್ಗದಲ್ಲಿ ಕೂರಲಾಗಲಿಲ್ಲ. ಲಾಳಿ ಎಸೆದರೆ ಎಳೆ ಹರಿಯುತ್ತಿತ್ತು. ಎದ್ದು ದಾರಿಯತ್ತ ನೋಡುವನು, ಬಂದು ಕೂರುವನು, ಮತ್ತೆ ಏಳುವನು. ಎಂಟನೆಯ ದಿನ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಹೊತ್ತು ಅವರು ಹೋದ ದಾರಿ ಹಿಡಿದ. ಸಿಕ್ಕ ಸಿಕ್ಕ ಊರಲ್ಲಿ ವಿಚಾರಿಸಿದ. ಬಂದಿದ್ದರು, ಮುಂದೆ ಕಳಿಸಿದೆವು ಎಂದೇ ಎಲ್ಲರೂ ಹೇಳಿದರು. ಅವನು ಹಿಂದಿರುಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವನಿಗೆ ಊರು ದೊರೆಯಲೇ ಇಲ್ಲವೇ?"

"ದೊರೆತಿತ್ತು," ಎಂದರು ಗುರುಗಳು, "ಮುದುಕಿಯನ್ನು ಮುಂದೆ ಕಳಿಸಿದ ದಿನ."