ಕೈ ಬಿಡುವ ಮುನ್ನ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಕಾಲೇಜಿನ ಲ್ಯಾಬ್ ಗುಡಿಸುತ್ತಿದ್ದ ಫಕೀರವ್ವ. ಅವಳು ಕಂಪ್ಯೂಟರ್ ಮುಟ್ಟಿದ್ದು ಧೂಳು ಒರೆಸಲಷ್ಟೇ. ಆದರೂ ಪದವಿ ಪಡೆದ ನನಗೆ ಇದನ್ನು ಅವಳೇ ಹೇಳಬೇಕಾಯಿತು.

ಹೊಳೆಯ ದಂಡೆಯ ಮೇಲೊಂದು ಕಾಲೇಜು. ಅಲ್ಲಿ ಡೇಟಾ ಸ್ಟ್ರಕ್ಚರ್ಸ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡುವ ಬಗೆ, ಕಲಿಸುತ್ತಿದ್ದವರು ಇನಾಮದಾರ ಗುರುಗಳು. ನಿವೃತ್ತಿಗೆ ಒಂದು ತಿಂಗಳಿತ್ತು.

ಅವರ ಶಿಷ್ಯೆ ಶಿವಲೀಲಾ ಪ್ರೋಗ್ರಾಮಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೆಯದು, ಕಡೆಯದು, ನಾಳೆ ಎನ್ನುವಾಗ ಲ್ಯಾಬಿನಲ್ಲಿ ಅಭ್ಯಾಸಕ್ಕೆ ಕೂತಳು. ಅದೂ ಹೋದರೆ ಓದೂ ಹೋದಂತೆ.

ಮಾಡಬೇಕಾದದ್ದು ಸಣ್ಣದು. ಹೆಸರುಗಳ ಒಂದು ಸರಪಳಿ. ಪ್ರತಿ ಹೆಸರಿಗೂ ತನ್ನ ಬೆನ್ನಿಗಿರುವ ಹೆಸರು ಎಲ್ಲಿದೆ ಎಂಬುದಷ್ಟೇ ಗೊತ್ತು. ನಡುವಿನ ಒಂದನ್ನು ತೆಗೆಯಬೇಕು, ಉಳಿದವು ಉಳಿಯಬೇಕು.

ಶಿವಲೀಲಾ ಒಂದನ್ನು ತೆಗೆದರೆ ಅದರ ಬೆನ್ನಿಗಿರುವವೆಲ್ಲ ಮಾಯ.

ಪಕ್ಕದ ಕುರ್ಚಿಯಿಂದ ಜೂನಿಯರ್ ನಾಗೂಬಾಯಿ ಕೇಳಿದಳು: “ಅಕ್ಕಾ, ನಂಗೂ ಇದು ತಿಳೀವಲ್ದು. ಒಂಚೂರು ಹೇಳ್ತೀಯೇನು?”

“ನಂದೇ ನಂಗ ಸಾಕಾಗೇತಿ. ಸುಮ್ನ ಕೂಡು.”

ಗುರುಗಳ ಕಿವಿಗೆ ಬಿತ್ತು.

ಸಂಜೆ ಬಸ್ಸಿಗೆ ಹೊಳೆ ದಾಟಬೇಕು. ಬೇಸಿಗೆ, ಮೊಣಕಾಲುದ್ದ ನೀರು. ಆದರೆ ತಳದ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ. ಹಾಗಾಗಿ ಕೈ ಕೈ ಹಿಡಿದು ಸಾಲಾಗಿ ದಾಟುವುದು ಅಲ್ಲಿನ ರೂಢಿ. ಮುಂದೆ ಶಿವಲೀಲಾ, ಅವಳ ಹಿಂದೆ ಗುರುಗಳು, ಆಮೇಲೆ ನಾಗೂಬಾಯಿ, ಕೊನೆಗೆ ಫಕೀರವ್ವ.

ನಡುಹೊಳೆಯಲ್ಲಿ ಗುರುಗಳು ನಿಂತರು.

“ಶಿವಲೀಲಾ, ಸಾಲಿನಿಂದ ನನ್ನ ತೆಗೀ.”

“ಅಂದ್ರ?”

“ತೆಗೀ ಅಂದೆ.”

ಅವಳು ಕೈ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋದಳು.

“ಈಗ ನಿನ್ನ ಸಾಲಿನಾಗ ಎಷ್ಟು ಮಂದಿ?”

ತಿರುಗಿ ನೋಡಿದಳು. “ನಾನೊಬ್ಬಾಕಿ, ಸರ್.”

“ಏ ತಾಯಿ!” ಕೊನೆಯಿಂದ ಫಕೀರವ್ವ ಕೂಗಿದಳು. “ಅವರನ್ನ ತೆಗೀ ಅಂದ್ರ ನನ್ನೂ ಹೊಳಿಗೆ ಬಿಟ್ಟ್ಯಲ್ಲ! ನಾ ಏನ್ ಪಾಪ ಮಾಡೀನಿ?”

ಯಾರೂ ನಗಲಿಲ್ಲ. ನಾಗೂಬಾಯಿಯ ಕಾಲು ಪಾಚಿಯ ಮೇಲೆ ಜಾರುತ್ತಿತ್ತು.

ಶಿವಲೀಲಾ ಆ ಮೂವರನ್ನೂ ತನ್ನ ಖಾಲಿ ಕೈಯನ್ನೂ ನೋಡಿದಳು. ಆಮೇಲೆ ಹಿಂದಕ್ಕೆ ಬಂದಳು. ಒಂದು ಕೈಯಲ್ಲಿ ಗುರುಗಳನ್ನು ಹಿಡಿದುಕೊಂಡೇ, ಇನ್ನೊಂದನ್ನು ಅವರಾಚೆ ಚಾಚಿ ನಾಗೂಬಾಯಿಯ ಕೈ ಹಿಡಿದಳು. ಅದು ಗಟ್ಟಿಯಾದ ಮೇಲೆ ಗುರುಗಳ ಕೈ ಬಿಟ್ಟಳು.

ಗುರುಗಳು ಪಕ್ಕದ ಬಂಡೆಯ ಮೇಲೆ ಕೂತರು. ಸಾಲು ದಡ ಸೇರಿತು.

ಮರುದಿನ ಪರೀಕ್ಷೆಯಲ್ಲಿ ಅವಳ ಸರಪಳಿ ತುಂಡಾಗಲಿಲ್ಲ. ಪಾಸಾದಳು.

ತಿಂಗಳ ಕೊನೆಗೆ ಗುರುಗಳು ಲ್ಯಾಬಿನ ಕೀಲಿ ಒಪ್ಪಿಸಿ ಹೊರಟರು. ಶಿವಲೀಲಾ ದಂಡೆಯವರೆಗೆ ಬಂದಳು. ಅವರು ನೀರಿಗಿಳಿಯುವಾಗ ಕೈ ಹಿಡಿದವಳು ಬಿಡಲೊಲ್ಲಳು.

“ಇನ್ನ ತಪ್ಪಿದಾಗ ಯಾರನ್ನ ಕೇಳ್ಲಿ, ಸರ್? ಹೋಗಬ್ಯಾಡ್ರಿ.”

ಗುರುಗಳು ತಿರುಗಿ ಲ್ಯಾಬಿನ ಕಿಟಕಿಯತ್ತ ನೋಡಿದರು. ಒಳಗೆ ನಾಗೂಬಾಯಿ ಒಬ್ಬಳೇ, ಪರದೆಯ ಮುಂದೆ, ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

“ಮೊದಲು ಆಕಿ ಕೈ ಹಿಡಿ,” ಅಂದರು ಗುರುಗಳು. “ಆಮ್ಯಾಲೆ ನಂದು ಬಿಡು.”